ಪಥ್ಯ

ವನಮಾಲಮ್ಮನ ಗಂಡನ ಉತ್ತರಕ್ರಿಯೆಯ ದಿನ ಬಾಳೆಎಲೆಯ ಮೇಲೆ ಪಿಂಡ ಇಟ್ಟು ಎಷ್ಟು ಹೊತ್ತಾದರೂ ಕಾಗೆ ಹತ್ತಿರ ಸುಳಿಯಲಿಲ್ಲ. ಕಾಂಪೌಂಡಿನ ಗೋಡೆಯ ಮೇಲೆ ಕುಳಿತು ಕತ್ತು ಕೊಂಕಿಸುತ್ತಿತ್ತು ಅಷ್ಟೆ.

"ಅಣ್ಣನಿಗೆ ಏನೋ ಆಸೆ ಉಳ್ಕೊಂಡಿದೆ ಅತ್ತಿಗೆ," ಎಂದ ಮೈದುನ.

ವನಮಾಲಮ್ಮನ ಮುಖ ಬಿಗಿಯಿತು. ಹಾರ್ಟು, ಸ್ಟ್ರೋಕು ಎಂದು ಹೆದರಿಸಿ, ಅವರು ಗಂಡನ ನಾಲಿಗೆಗೆ ವರ್ಷಗಟ್ಟಲೆ ಚಾಕೊಲೇಟು ಸೋಕಲು ಬಿಟ್ಟಿರಲಿಲ್ಲ. ಅಷ್ಟು ಜೋಪಾನ ಮಾಡಿದ ಹೃದಯವನ್ನು ಇಟ್ಟುಕೊಂಡು ಆ ಮನುಷ್ಯ ಬಚ್ಚಲಲ್ಲಿ ಜಾರಿ ಬಿದ್ದು ಹೋಗಿಬಿಟ್ಟಿದ್ದರು.

"ಒಂದು ಚಾಕೊಲೇಟು ಇಟ್ಟು ನೋಡೋಣ್ವಾ?"

"ಸತ್ತ ಮೇಲೂ ಅದೇ ಚಪಲಾನಾ?"

ಪುರೋಹಿತರು ಗಡಿಯಾರ ನೋಡಿಕೊಂಡರು. "ಇಡೀಮ್ಮಾ, ನಂಗೆ ಇನ್ನೊಂದು ಮನೆಗೆ ಹೋಗೋದಿದೆ."

ಮೈದುನ ಅಂಗಡಿಗೆ ಓಡಿ ಚಾಕೊಲೇಟು ತಂದು, ಕಾಗದ ಬಿಚ್ಚಿ ಪಿಂಡದ ಪಕ್ಕದಲ್ಲಿಟ್ಟ. ಕಾಗೆ ಸರ್ರನೆ ಹಾರಿ ಬಂದು ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡಿತು. ನೆಂಟರೆಲ್ಲ ಕಣ್ಣೊರೆಸಿಕೊಂಡು ಕೈಮುಗಿದರು.

ವನಮಾಲಮ್ಮನಿಗೆ ತಡೆಯಲಾಗಲಿಲ್ಲ. "ರೀ! ಡಾಕ್ಟ್ರು ಏನು ಹೇಳಿದ್ರು?"

ಕಾಗೆ ಚಾಕೊಲೇಟನ್ನು ಎಲೆಯ ಮೇಲೆಯೇ ಬಿಟ್ಟು, ತೆಪ್ಪಗೆ ಪಿಂಡಕ್ಕೆ ಬಾಯಿ ಹಾಕಿತು.