ಮೂರನೆಯ ಕೂಗು

ದೆವ್ವ ನಮ್ಮವರ ದನಿಯಲ್ಲೇ ಕರೆಯುತ್ತದೆ, ಆದರೆ ಮೂರನೆಯ ಸಲ ಕೂಗಲು ಅದಕ್ಕೆ ಬಾರದು ಎಂದು ಫಕೀರಪ್ಪನ ಅಜ್ಜಿ ಹೇಳಿಕೊಟ್ಟಿದ್ದಳು.

"ಮೂರು ಸಲ ಕೂಗೂತನಕ ನಾ ಓ ಅನ್ನಂಗಿಲ್ಲ" ಎಂದ ಅವನು, ಜೊತೆಗಾರ ಶೇಖಣ್ಣನಿಗೆ.

"ಮಿಲಿಟ್ರಿಗೆ ಬಂದ್ರೂ ಅಜ್ಜಿ ಸೆರಗು ಬಿಟ್ಟಿಲ್ಲಲೇ ನೀ. ಆತು, ಮೂರು ಸಲಾನ ಕೂಗ್ತೀನಿ ತಗೋ."

ಶೇಖಣ್ಣ ನಗುತ್ತ ನೀರು ತರಲು ಮಂಜಿನೊಳಗೆ ಇಳಿದ. ಅಷ್ಟರಲ್ಲಿ ಶೆಲ್ಲುಗಳು ಬೀಳತೊಡಗಿದವು.

ಸದ್ದು ಅಡಗಿದರೂ ಫಕೀರಪ್ಪ ಬಂಡೆಗೆ ಅವಚಿಕೊಂಡೇ ಇದ್ದ. ಆಗ ಮಂಜಿನೊಳಗಿಂದ ಶೇಖಣ್ಣನ ದನಿ ಬಂತು.

"ಫಕೀರಾ..."

ಅವನು ಉಸಿರು ಬಿಗಿಹಿಡಿದ.

"ಲೇ ಫಕೀರಾ..."

ಕಣ್ಣು ಮುಚ್ಚಿ ಕಾದ. ಮತ್ತೆ ಕೂಗು ಬರಲಿಲ್ಲ.

"ಉಳಿಸಿದಿ ನೋಡಬೇ, ಅಜ್ಜಿ" ಎಂದು ಕೈಮುಗಿದ.

ಮಂಜು ಸರಿದಾಗ, ಬಂಡೆಯ ಆಚೆ ಮಗ್ಗುಲಲ್ಲೇ ಶೇಖಣ್ಣ ಬಿದ್ದಿದ್ದ. ಮೂರನೆಯ ಕೂಗಿಗೆ ತೆರೆದ ಬಾಯಿ ಇನ್ನೂ ಮುಚ್ಚಿರಲಿಲ್ಲ.