ದರೆ ಕಾಯುವ ಯಂತ್ರ

“ಎರಡರಲ್ಲಿ ಯಾವುದು ಅಂತ ಹೇಳಿಬಿಡಿ ಸರ್. ಮಳೆ ಹಿಡಿಯೋಕೆ ಮುಂಚೆ ಕೂರಿಸಿಬಿಡ್ತೀನಿ,” ಎಂದ ಎಂಜಿನಿಯರ್ ಯೋಗೇಶ್.

ಮಲ್ಲಂದೂರಿನ ಆ ಎಸ್ಟೇಟ್ ಆಫೀಸಿನ ಮೇಜಿನ ಮೇಲೆ ಒಂದು ಕಡೆ ಕಂಪ್ಯೂಟರ್, ಇನ್ನೊಂದು ಕಡೆ ಬೂದು ಬಣ್ಣದ ಸಣ್ಣ ಪೆಟ್ಟಿಗೆ. ಹೋದ ಮಳೆಗಾಲದಲ್ಲಿ ಆಳುಗಳ ಮನೆಸಾಲಿನ, ಅಂದರೆ ಕೂಲಿ ಲೈನಿನ, ಹಿಂದೆ ಕಡಿದಾಗಿ ನಿಂತಿದ್ದ ಮಣ್ಣಿನ ದರೆ ಜರಿದು, ಕೊನೆಯ ಮನೆಯ ಬೆಳ್ಳಿಯಪ್ಪ ಮಣ್ಣಿನಡಿ ಹೋಗಿದ್ದ. ಈಗ ಮಾಲೀಕ ಕಾಶೀನಾಥರು ಆ ದರೆಗೆ ಸೆನ್ಸರ್ ಗೂಟ ಹೊಡೆಸಿದ್ದರು. ಗೂಟ ಅಲ್ಲಾಡಿದರೆ ಮೇಜಿನ ಮೇಲಿನ ಎರಡರಲ್ಲಿ ಒಂದು ಲೈನಿನಲ್ಲಿ ಸೈರನ್ ಕೂಗಿಸಬೇಕು, ಜನ ಹೊರಗೆ ಓಡಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಲೈನಿನವರು ಆಡಿಕೊಂಡರು. ಆಡಿಕೊಳ್ಳಲಿ, ಬಾಗಿಲಾದರೂ ಬಂತಲ್ಲ! ಮನೆಗಳನ್ನೇ ಬೇರೆ ಕಡೆ ಕಟ್ಟಿಸುವುದು ಮುಂದಿನ ವರ್ಷದ ಮಾತಾಗಿತ್ತು. ಈ ಮಳೆಗಾಲವನ್ನು ಎಲ್ಲರೂ ಅದೇ ದರೆಯ ಕೆಳಗೇ ಕಳೆಯಬೇಕಿತ್ತು.

ಕಾಶೀನಾಥರ ಮನಸ್ಸೆಲ್ಲ ಕಂಪ್ಯೂಟರಿನ ಮೇಲೆ. “ನೋಡು ಮಾರಾಯ, ದರೆ ಎಷ್ಟು ನೆನೆದಿದೆ, ಎಷ್ಟು ಜಾರಿದೆ, ಎಲ್ಲಾ ಬಣ್ಣ ಬಣ್ಣದ ಗೆರೆಯಲ್ಲಿ ತೋರಿಸುತ್ತೆ. ನಿನ್ನ ಪೆಟ್ಟಿಗೆಗೆ ಮುಖವೇ ಇಲ್ಲ!”

“ಮುಖ ಇಲ್ಲ ಸರ್. ಆದ್ರೆ ಅದರೊಳಗೆ ಇರೋದು ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್. ಗೂಟ ಅಲ್ಲಾಡ್ತು ಅಂದ್ರೆ ಉಳಿದಿದ್ದೆಲ್ಲ ಕೈಬಿಟ್ಟು ಮೊದಲು ಸೈರನ್ ಕೂಗಿಸುತ್ತೆ. ಕಂಪ್ಯೂಟರ್ ಹಾಗಲ್ಲ. ಎಲ್ಲಾ ಕೆಲಸಕ್ಕೂ ಸರದಿ ಕೊಡುತ್ತೆ.”

“ಸರದಿ ಕೊಡೋದು ಒಳ್ಳೇ ಬುದ್ಧಿ ಅಲ್ವೇನೋ?” ಕಾಶೀನಾಥರು ನಕ್ಕರು. ಯೋಗೇಶ್ ನಗಲಿಲ್ಲ.

ಗೂಟ ಅಲ್ಲಾಡಿಸಿ ತೋರಿಸಲು ಹುಚ್ಚಮ್ಮ ದರೆ ಹತ್ತಿದ್ದಳು. ಬೆಳ್ಳಿಯಪ್ಪನ ಹೆಂಡತಿ. ನೀನು ಬೇಡ ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. ಯೋಗೇಶ್ ಗೂಟದ ತಂತಿಯನ್ನು ಮೊದಲು ಕಂಪ್ಯೂಟರಿಗೆ ಸಿಕ್ಕಿಸಿ, ಕಿಟಕಿಯಿಂದ ಟವೆಲ್ ಬೀಸಿದ. ಅವಳು ಎರಡೂ ಕೈಯಲ್ಲಿ ಗೂಟ ಹಿಡಿದು ಅಲ್ಲಾಡಿಸಿದಳು. ಕಂಪ್ಯೂಟರಿನಲ್ಲಿ ಆಗ ಆಳುಗಳ ಹಾಜರಿ ಪಟ್ಟಿ ಪ್ರಿಂಟಾಗುತ್ತಿತ್ತು. ಅವಳು ಇನ್ನೂ ಅಲ್ಲಾಡಿಸುತ್ತಲೇ ಇದ್ದಳು, ಪ್ರಿಂಟರ್ ಕಿರುಗುಟ್ಟುತ್ತಲೇ ಇತ್ತು. ಹಾಳೆ ಪೂರ್ತಿ ಹೊರಬಂದ ಮೇಲೆ ಸೈರನ್ ಕೂಗಿತು. ಯೋಗೇಶ್ ತಂತಿಯನ್ನು ಪೆಟ್ಟಿಗೆಗೆ ಬದಲಿಸಿ ಮತ್ತೆ ಟವೆಲ್ ಬೀಸಿದ. ಈ ಸಲ ಅವಳು ಮುಟ್ಟಿದ್ದೇ ತಡ, ಸೈರನ್ ಕೂಗಿತು.

“ಎರಡೂ ಕೂಗಿದವಲ್ಲ ಮಾರಾಯ! ಒಂದು ಚೂರು ಹಿಂದೆ ಮುಂದೆ, ಅಷ್ಟೆ,” ಎಂದರು ಕಾಶೀನಾಥ. ಅವರೇನೂ ಕೆಟ್ಟವರಲ್ಲ. ಆ ಗೆರೆಗಳ ಮೇಲೆ ಆಸೆ ಹುಟ್ಟಿಬಿಟ್ಟಿತ್ತು, ಪಾಪ.

ಹುಚ್ಚಮ್ಮ ಇಳಿದು ಬಂದು ಆಫೀಸಿನ ಬಾಗಿಲಲ್ಲಿ ನಿಂತಳು. ಕೈಗೆಲ್ಲ ಕೆಂಪು ಮಣ್ಣು.

“ಮೊದಲನೇ ಸಲ ಅಷ್ಟು ಹೊತ್ತು ಯಾಕೆ ಕೂಗ್ಲಿಲ್ಲ ಅಯ್ಯ? ಅದಕ್ಕೆ ಗೊತ್ತೇ ಆಗ್ಲಿಲ್ವಾ?”

“ಗೊತ್ತಾಗಿತ್ತು ಹುಚ್ಚಮ್ಮ,” ಎಂದ ಯೋಗೇಶ್. “ನೀವು ಅಲ್ಲಾಡಿಸಿದ್ದು ಕೂಡ್ಲೇ ಕೇಳಿಸಿತ್ತು. ಕೈಯಲ್ಲಿದ್ದ ಕೆಲಸ ಮುಗಿಸಿಕೊಂಡು ಆಮೇಲೆ ಕೂಗ್ತು.”

ಹುಚ್ಚಮ್ಮ ಕಂಪ್ಯೂಟರನ್ನೇ ನೋಡಿದಳು. “ನಮ್ಮನೆಯವರಿಗೂ ಕೇಳಿಸಿತ್ತು,” ಎಂದಳು.

ಕಾಶೀನಾಥರ ಮುಖ ಇಳಿದುಹೋಯಿತು. ಎದ್ದು, ಪೆಟ್ಟಿಗೆಯನ್ನು ಎತ್ತಿ ಯೋಗೇಶನ ಕೈಯಲ್ಲಿಟ್ಟರು. “ಇದನ್ನೇ ಕೂರಿಸು. ಇವತ್ತೇ.” ಆಮೇಲೆ ಅವಳ ಕಡೆ ತಿರುಗಿದರು. “ಬೆಳ್ಳಿಯಪ್ಪ ನಿದ್ದೆಯಲ್ಲಿದ್ದ ಅಂತಲೇ ನಾವೆಲ್ಲ ತಿಳ್ಕೊಂಡಿದ್ವಲ್ಲ ಹುಚ್ಚಮ್ಮ?”

“ಇಲ್ಲ ಅಯ್ಯ, ಎಚ್ಚರಾನೇ ಇದ್ರು. ದರೆ ಬರ್ತಿದೆ, ಹೊರಗೆ ಬನ್ನಿ ಅಂತ ಅಂಗಳದಿಂದ ಕೂಗ್ದೆ. ಒಳಗೆ ಕಂಬಳಿ ಹುಡುಕ್ತಾ ಇದ್ರು. ‘ಬಂದೆ’ ಅಂದ್ರು.”