ಇಪ್ಪತ್ತೆರಡು ಬಿಳಿ

ರಜೆಯ ಹಿಂದಿನ ಸಂಜೆ, ಎಲ್ಲರೂ ಕೈ ತೊಳೆಯಲು ಹೋಗಿದ್ದಾಗ, ಅವಳು ಮೂಲೆಯ ಕಪಾಟಿನಲ್ಲಿದ್ದ ಇಪ್ಪತ್ತೆರಡು ಡಬ್ಬಗಳ ಚೀಟಿಗಳನ್ನು ಒಂದೊಂದಾಗಿ ಕಿತ್ತು ಪರ್ಸಿಗೆ ತುರುಕಿಕೊಂಡಳು. ಉಗುರಿನ ಸಂದಿಯಲ್ಲಿ ಅಂಟು ಉಳಿಯಿತು. ಹೊಲಿಗೆ ಮೆಷಿನ್ನುಗಳೆಲ್ಲ ಸುಮ್ಮನಾಗಿದ್ದ ಆ ಹೊತ್ತಿನಲ್ಲಿ ಚೀಟಿ ಕೀಳುವ ಸದ್ದು ಯಾರಿಗಾದರೂ ಕೇಳಿಸೀತೇನೋ ಎನಿಸಿತು.

ಆ ಡಬ್ಬಗಳಲ್ಲಿದ್ದದ್ದೆಲ್ಲ ಬಿಳಿ ದಾರ. ಅಂಗಿ ಹೊಲಿಯುವ ಆ ಕಾರ್ಖಾನೆಯ ದಾರದ ಸ್ಟೋರಿನಲ್ಲಿ ಹದಿನಾಲ್ಕು ವರ್ಷದಿಂದ ಅವಳದು ಒಂದೇ ಕೆಲಸ: ಬಟ್ಟೆ ನೋಡಿ ಅದಕ್ಕೆ ಒಪ್ಪುವ ದಾರ ತೆಗೆದುಕೊಡುವುದು. ಕೆಂಪು, ಹಸಿರನ್ನು ಯಾರಾದರೂ ಹೊಂದಿಸಿಯಾರು. ಬಿಳಿ ಹಾಗಲ್ಲ. ಹಾಲಿನ ಬಿಳಿ, ಸುಣ್ಣದ ಬಿಳಿ, ಬೂದಿ ತಾಗಿದ ಬಿಳಿ, ಅಜ್ಜನ ಹಲ್ಲಿನ ಬಿಳಿ. ಹೆಸರು ಇಟ್ಟವಳೂ ಅವಳೇ. ಚೀಟಿಯಿಲ್ಲದೆ ಅವನ್ನು ಗುರುತಿಸಬಲ್ಲ ಕಣ್ಣು ಅಲ್ಲಿ ಇನ್ನೊಂದಿರಲಿಲ್ಲ. "ನಂಗಂತೂ ಇಪ್ಪತ್ತೆರಡೂ ಅವಳಿ ಮಕ್ಕಳು ಅಕ್ಕ," ಎಂದು ನಗುತ್ತಿದ್ದಳು ಪಕ್ಕದ ಮೇಜಿನ ಜೊತೆಗಾತಿ. ಆ ಜೊತೆಗಾತಿಯನ್ನು ಎಲ್ಲರೂ ಕರೆಯುತ್ತಿದ್ದುದು 'ಕನ್ನಡಕ' ಎಂದು. ಇವಳ ಸೊಂಟನೋವು ನೋಡಲಾರದೆ ಚೂರು ಬಟ್ಟೆಗಳನ್ನು ಸೇರಿಸಿ ಕುರ್ಚಿಗೊಂದು ನೀಲಿ ದಿಂಬು ಹೊಲಿದುಕೊಟ್ಟವಳೂ ಅವಳೇ.

ಚೀಟಿ ಕಿತ್ತದ್ದು ಕೇಡು ಬಗೆಯಲು ಅಲ್ಲ. ಹೆದರಿಕೆಗೆ. ಹೋದ ತಿಂಗಳು ಕಟಿಂಗ್ ಸೆಕ್ಷನ್ನಿನ ಮೇಸ್ತ್ರಿ ಮನೆ ಬದಲಾಯಿಸಲೆಂದು ನಾಲ್ಕು ದಿನ ರಜೆ ಹಾಕಿದ್ದ. ಬಂದಾಗ ಮ್ಯಾನೇಜರ್ ನಗುನಗುತ್ತಲೇ, "ನೀವಿಲ್ದೇನೂ ನಾಲ್ಕು ದಿನ ಆರಾಮಾಗಿ ನಡೀತಲ್ಲ," ಎಂದಿದ್ದರು. ಮರುವಾರ ಅವನ ಮೇಜಿನ ಮೇಲೆ ಬೇರೆ ಯಾರದೋ ಊಟದ ಡಬ್ಬಿ ಇತ್ತು. ಈಗ ಅಮ್ಮನ ಕಣ್ಣಿನ ಪೊರೆ ತೆಗೆಸಲು ಅವಳಿಗೂ ಮೂರು ದಿನ ಬೇಕು. ಆಸ್ಪತ್ರೆಯ ಖರ್ಚು ನಡೆಯುವುದು ಕಂಪನಿ ಕೊಟ್ಟ ಕಾರ್ಡಿನ ಮೇಲೆ; ಕೆಲಸ ಹೋದರೆ ಅದೂ ಹೋಯಿತು. ಈ ಸಲ ಬಲಗಣ್ಣು. ಎಡಗಣ್ಣು ಬರುವ ತಿಂಗಳು. ತಾನಿಲ್ಲದಾಗ ಕೆಲಸ ನಿಲ್ಲಬೇಕು. ಒಂದೇ ಒಂದು ಗಂಟೆಯಾದರೂ ಸರಿ, ನಿಲ್ಲಬೇಕು. ಫೋನು ಬರಬೇಕು.

ಮೊದಲ ದಿನ ಬರಲಿಲ್ಲ. ಎರಡನೆಯ ದಿನ ಆಪರೇಷನ್ ಮುಗಿದು ಅಮ್ಮನನ್ನು ವಾರ್ಡಿಗೆ ತಂದರೂ ಬರಲಿಲ್ಲ. ನರ್ಸಿನ ಕೈಕಾಲು ಹಿಡಿದು ತನ್ನ ನಂಬರಿಗೊಂದು ಮಿಸ್ಡ್ ಕಾಲ್ ಕೊಡಿಸಿ ನೋಡಿದಳು. ಫೋನು ಸರಿಯಾಗಿಯೇ ಇತ್ತು. ಕೆಟ್ಟಿದ್ದರೆ ಎಷ್ಟೋ ನೆಮ್ಮದಿಯಿತ್ತು.

"ಯಾರ ಫೋನಿಗೆ ಹಾಗೆ ಕಾಯ್ತಿದೀಯೇ?" ಎಂದಳು ಅಮ್ಮ, ಕಣ್ಣಿಗೆ ಕಟ್ಟಿದ ಬಟ್ಟೆಯ ಕೆಳಗಿಂದ.

"ಕೆಲಸದ ಕಡೆಯಿಂದ ಬರಬಹುದು."

"ಮೂರು ದಿನ ನೀನಿಲ್ದಿದ್ರೆ ಅವರೇನು ಮುಳುಗಿ ಹೋಗ್ತಾರಾ?"

"ಮುಳುಗಬೇಕು," ಎಂದು ಗೊಣಗಿಕೊಂಡಳು.

"ಮುಚ್ಚಿರೋದು ಕಣ್ಣು ಕಣೇ, ಕಿವಿಯಲ್ಲ."

ಮೂರನೆಯ ದಿನ ಬೆಳಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ಅಮ್ಮ ಕಣ್ಣು ಪಿಳುಕಿಸಿ ಎದುರಿಗೆ ನೋಡಿ, "ಅಯ್ಯೋ, ಈ ಗೋಡೆ ಇಷ್ಟು ಬೆಳ್ಳಗಿತ್ತೇನೇ? ನಾನು ಹಳದಿ ಅಂದ್ಕೊಂಡಿದ್ದೆ," ಎಂದಳು. ಸುಣ್ಣದ ಬಿಳಿ, ಎಂದುಕೊಳ್ಳುವಷ್ಟರಲ್ಲಿ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು. ಕನ್ನಡಕ! ಅವಳಿಗೆ ಹೋದ ಜೀವ ಬಂದ ಹಾಗಾಯಿತು.

"ಬಿಳಿ ದಾರ ತಾನೆ? ಹೇಳ್ತೀನಿ, ಬರ್ಕೋ. ಮೇಲಿನ ಸಾಲಲ್ಲಿ ಎಡಗಡೆಯಿಂದ..."

"ಆ ಡಬ್ಬಗಳಿಲ್ಲ ಅಕ್ಕ." ಕನ್ನಡಕ ಪಿಸುಗುಟ್ಟುತ್ತಿದ್ದಳು. "ಮೊನ್ನೆ ಮ್ಯಾನೇಜರ್ರು ಸ್ಟಾಕ್ ನೋಡೋಕೆ ಬಂದಿದ್ರು. ಚೀಟಿ ಇಲ್ದಿರೋ ಡಬ್ಬ ಅಂದ್ರೆ ಕೆಟ್ಟ ದಾರ, ಹೊರಗೆ ಹಾಕಬೇಕು ಅಂತ ನೀವೇ ಅಲ್ವಾ ಬರೆದು ಅಂಟಿಸಿದ್ದು? ಅದನ್ನೇ ಓದಿ ಎಲ್ಲ ಗುಜರಿಗೆ ಹಾಕಿಸಿದ್ರು."

ಸ್ಟೋರಿನ ಗೋಡೆ ಅವಳ ಕಣ್ಣ ಮುಂದೆ ಬಂತು. ಅದರ ಮೇಲೆ ತನ್ನದೇ ದುಂಡು ಅಕ್ಷರ, ಕೆಳಗೆ ಎಳೆದ ಎರಡು ಗೆರೆ.

"ಒಂದು ಫೋನ್ ಮಾಡಬಾರದಿತ್ತಾ ನಂಗೆ?"

"ಮಾಡ್ತೀನಿ ಅಂದೆ. ಪಾಪ, ರಜದಲ್ಲಿದ್ದಾರೆ, ಯಾಕೆ ತೊಂದ್ರೆ ಕೊಡ್ತೀರ ಅಂದ್ರು."

"ಮತ್ತೆ ಬಿಳಿ ಬಟ್ಟೆಗೆಲ್ಲ?"

"ಒಂದೇ ಬಿಳಿ ತರಿಸಿದ್ದಾರೆ. ಎಲ್ಲದಕ್ಕೂ ಅದನ್ನೇ ಹಾಕ್ತಿದ್ದೀವಿ. ನೋಡಿ ಪಾಸ್ ಮಾಡೋವ್ರೂ ನೋಡಿದ್ರು, ಎರಡು ಲೋಡ್ ಹೋಗೂ ಆಯ್ತು. ಯಾರಿಗೂ ಗೊತ್ತೇ ಆಗಲಿಲ್ಲ ಅಕ್ಕ."

ಅವಳ ಕೈ ತಾನಾಗಿ ಪರ್ಸಿನೊಳಗೆ ಹೋಯಿತು. ಚೀಟಿಗಳೆಲ್ಲ ಒಂದಕ್ಕೊಂದು ಅಂಟಿ ಉಂಡೆಯಾಗಿದ್ದವು. ಬಿಡಿಸಲು ನೋಡಿದರೆ ಹರಿಯುತ್ತಿದ್ದವು. ಹಾಸಿಗೆಯ ಮೇಲೆ ಅಮ್ಮ ಬಲಗಣ್ಣನ್ನು ಕೈಯಿಂದ ಮರೆಮಾಡಿ, ಎಡಗಣ್ಣಲ್ಲಿ ಗೋಡೆ ನೋಡಿ, ಮತ್ತೆ ಬಲಗಣ್ಣಲ್ಲಿ ನೋಡಿ ಮಗುವಿನ ಹಾಗೆ ನಗುತ್ತಿದ್ದಳು. "ಇದನ್ನೂ ಯಾವಾಗ ಮಾಡ್ತಾರಂತೆ, ಕೇಳೇ."

"ಅಕ್ಕ, ಇದೀರಾ? ನಾನು ಫೋನ್ ಮಾಡಿದ್ದು ಅದಕ್ಕಲ್ಲ. ಡಬ್ಬ ಹೋದ್ಮೇಲೆ ಕಪಾಟನ್ನೂ ತೆಗೆದ್ರು, ಈಗ ಆ ಮೂಲೇನೆಲ್ಲ ಖಾಲಿ ಮಾಡಿಸ್ತಿದ್ದಾರೆ. ನಿಮ್ಮ ಕುರ್ಚಿ ಮೇಲೆ ಆ ದಿಂಬಿತ್ತಲ್ಲ, ನೀಲಿದು... ಅದನ್ನ ಎತ್ತಿ ಹಿಡಿದು, ಇದಕ್ಕೂ ಚೀಟಿ ಇಲ್ಲ, ಇದು ಯಾರದು ಅಂತ ಮ್ಯಾನೇಜರ್ರು ನನ್ನನ್ನೇ ಕೇಳಿದ್ರು."

"ನೀನೇನಂದೆ?"



"ಗೊತ್ತಿಲ್ಲ ಅಂದ್ಬಿಟ್ಟೆ ಅಕ್ಕ."